ಖುದ್ದು ಹಾಜರಿ

"ಮೆಲ್ಲಗೆ! ಮೆಲ್ಲಗೆ ಅಂದ್ನಲ್ಲ! ಅದೇನು ಹಾಲುಹಲ್ಲಾ, ಹಾಗೆ ಅಲ್ಲಾಡಿಸ್ತಿದೀಯ?"

ಇಸ್ತ್ರಿಯಕ್ಕನ ಕೂಗಿಗೆ ಬಡಗಿಯ ಕೈಯ ಉಳಿ ಚೌಕಟ್ಟಿನಿಂದ ಜಾರಿ ಅವನ ಕಾಲ ಮೇಲೇ ಬಿತ್ತು. ಅವನು ಒಂಟಿಕಾಲಲ್ಲಿ ಕುಣಿದ. ಸಾವಿನ ಮನೆ ಎಂಬುದನ್ನೂ ಮರೆತು ಯಾರೋ ಕಿಸಕ್ಕೆಂದರು.

ತಪ್ಪು ಬಡಗಿಯದೇ. ತೀರಿಕೊಂಡ ಗೆಳೆಯನ ಶವಪೆಟ್ಟಿಗೆಯನ್ನು ಬೇರೆ ಯಾರೂ ಮಾಡಕೂಡದೆಂದು ಹಠ ಹಿಡಿದಿದ್ದ. ಓಣಿಯಲ್ಲಿ ಜಾಗವಿಲ್ಲವೆಂದು ಮನೆಯೊಳಗೇ ಕೂತು ಹಲಗೆ ಕೊಯ್ದ, ಮೊಳೆ ಬಡಿದ, ಗಾಜಣ್ಣನನ್ನು ಅದರೊಳಗೆ ಮಲಗಿಸಿದ. ಆಮೇಲೆ ಗೊತ್ತಾಯಿತು: ಕೋಣೆಯಿಂದ ಬಾಗಿಲಿಗೆ ಹೋಗುವ ಇಕ್ಕಟ್ಟಿನ ತಿರುವಿನಲ್ಲಿ ಪೆಟ್ಟಿಗೆ ತಿರುಗುವುದಿಲ್ಲ. ನೆಟ್ಟಗೆ ನಿಲ್ಲಿಸಿದರೆ ಸೂರಿಗೆ ತಾಗುತ್ತದೆ, ಓರೆ ಮಾಡಿದರೆ ಒಳಗಿರುವವನು ಒಂದು ಮೂಲೆಗೆ ಜಾರುತ್ತಾನೆ.

"ಗಾಜಣ್ಣನ ಅಳತೆ ತಗೊಂಡೆ, ಬಾಗಿಲಿನ ಅಳತೆ ಮರೆತೆ," ಎಂದ ಬಡಗಿ, ಹೆಬ್ಬೆರಳು ನೀವಿಕೊಳ್ಳುತ್ತಾ. "ಇನ್ನು ಉಳಿದಿರೋ ದಾರಿ ಕಿಟಕಿಗೋಡೆ ಒಂದೇ."

ಆ ಮನೆಯ ಬೀದಿಬದಿಗೆ ಗೋಡೆ ಎಂಬುದು ಹೆಸರಿಗೆ ಮಾತ್ರ. ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆ ಬಿಟ್ಟರೆ ಸೂರಿನವರೆಗೂ ಗಾಜು. ಅಂಗಡಿಗಳಿಗೆ ಕತ್ತರಿಸಿ ಉಳಿದ ತುಂಡು, ಸ್ನಾನದ ಮನೆಗೆ ಹಾಕುವ ಮಬ್ಬು ಗಾಜಿನ ಪಟ್ಟಿ, ಮುಚ್ಚಿಹೋದ ಔಷಧಿ ಅಂಗಡಿಯ ಹಸಿರು ಗಾಜು, ಯಾವುದೋ ದೀಪದ ಗೂಡಿನಿಂದ ಬಿದ್ದ ಜೇನುಬಣ್ಣದ ಚೂರು. ಅಂಗೈಯಗಲದ್ದು, ಮಾರುದ್ದದ್ದು, ಮುಮ್ಮೂಲೆಯದು, ಎಲ್ಲವನ್ನೂ ಸೇರಿಸಿ ಚೌಕಟ್ಟು ಕಟ್ಟಿ ಗಾಜಣ್ಣನೇ ಸಾಲಾಗಿ ನಿಲ್ಲಿಸಿದ್ದು.

"ಕೀಳಿ ಮತ್ತೆ, ಇನ್ನೇನು ಮಾಡೋದು," ಎಂದಿದ್ದವಳೂ ಇಸ್ತ್ರಿಯಕ್ಕನೇ. ಈಗ ಒಂದೊಂದು ಮೊಳೆ ಎದ್ದಾಗಲೂ ತನ್ನ ಉಗುರೇ ಎದ್ದುಬಂದ ಹಾಗೆ ಚೀರುತ್ತಿದ್ದವಳೂ ಅವಳೇ.

ಓಣಿಗೆ ಓಣಿಯೇ ಕೈಹಚ್ಚಿತು. ಚೌಕಟ್ಟುಗಳು ಒಂದೊಂದಾಗಿ ಕಳಚಿ ಕೈಯಿಂದ ಕೈಗೆ ದಾಟುತ್ತಾ ಎದುರಿನ ಬೇಕರಿಗೆ ಹೋದವು. ಹೊತ್ತವರ ಮುಖಗಳು ಹಸಿರಾಗಿ, ಜೇನುಬಣ್ಣವಾಗಿ, ಮತ್ತೆ ತಮ್ಮ ಬಣ್ಣಕ್ಕೆ ಬಂದವು. "ಹಿಟ್ಟಿನ ಮೂಟೆಗೆ ಒರಗಿಸಿ, ಒಲೆ ಹತ್ರ ಬೇಡ!" ಎಂದು ಬೇಕರಿಯವಳು ಬಾಗಿಲಲ್ಲಿ ನಿಂತು ದಾರಿ ತೋರಿಸುತ್ತಿದ್ದಳು. ಕೊನೆಯ ಚೌಕಟ್ಟು ಬಿಟ್ಟುಕೊಂಡದ್ದೇ ತಡ, ಬೀದಿಯ ಗಾಳಿ ದಡಬಡನೆ ಒಳಗೆ ನುಗ್ಗಿತು. ಬಡಗಿ "ಹೂಂ!" ಎಂದ. ಪೆಟ್ಟಿಗೆ ಎದ್ದಿತು, ಕಟ್ಟೆಯ ಮೇಲಿಂದ ತೇಲಿ ಹೊರಗೆ ಬಂತು, ಗಾಜಣ್ಣನ ಮೂರು ಚಕ್ರದ ಗಾಡಿಯ ಮೇಲೆ ಕೂತಿತು. ಗಾಜು ಅಲುಗಬಾರದೆಂದು ಅವನೇ ಹಳೆ ಟೈರು, ಕಂಬಳಿ ಹೊಡೆದು ಮೆತ್ತಗೆ ಮಾಡಿದ್ದ ಗಾಡಿ.

"ಹತ್ತಿ ಮೇಲೆ ಕೂತ ಹಾಗಿದೆ ನೋಡಿ," ಎಂದ ಬಡಗಿ, ತನ್ನ ತಪ್ಪೆಲ್ಲ ತೊಳೆದುಹೋದವನ ಗತ್ತಿನಲ್ಲಿ.

ಗಾಜಣ್ಣನ ಮಗಳು ಗಾಡಿಯ ಸೀಟೇರಿ ಬ್ರೇಕು ಹಿಡಿದು ನೋಡಿದಳು. ಊರ ಬಸ್ಸು ಓಡಿಸುವವಳು. ಬ್ರೇಕು ನೋಡದೆ ಆಟಿಕೆಯ ಗಾಡಿಯನ್ನೂ ಕದಲಿಸುವವಳಲ್ಲ. ಅಷ್ಟರಲ್ಲಿ ಅವಳ ಜೇಬಿನಲ್ಲಿದ್ದ ಅಪ್ಪನ ಫೋನು ಕಿಣಿಕಿಣಿ ಎಂದಿತು. ತೆಗೆದು ಓದಿದಳು. ಇನ್ನೊಮ್ಮೆ ಓದಿದಳು.

"ಅಮ್ಮಾ, ಇವತ್ತೇ ಅಂತೆ!"

"ಏನು ಇವತ್ತೇ?"

"ಅಪ್ಪನ ಮೇಲ್ಮನವಿ ವಿಚಾರಣೆ. ಮಧ್ಯಾಹ್ನದೊಳಗೆ ಕರೀತಾರಂತೆ. 'ಅರ್ಜಿದಾರರು ಖುದ್ದು ಹಾಜರಿರತಕ್ಕದ್ದು. ತಪ್ಪಿದಲ್ಲಿ ವಜಾ.'"

ಗಾಡಿಯ ಸುತ್ತ ನಿಂತವರೆಲ್ಲ ಒಟ್ಟಿಗೆ ಪೆಟ್ಟಿಗೆಯ ಕಡೆ ನೋಡಿದರು.

*

ಮದುವೆಯಾದ ಹೊಸತರಲ್ಲಿ ಇಸ್ತ್ರಿಯಕ್ಕ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹಾಸಿಗೆಯ ಚಾದರ, ದಿಂಬಿನ ಚೀಲ, ಮತ್ತೆ ಚಾದರ. ಹಬೆ, ಟ್ಯೂಬ್‌ಲೈಟು, ಬಿಳಿ ಗೋಡೆ. ಬೆಳಗಾಗುವ ಮೊದಲು ಮೆಟ್ಟಿಲಿಳಿದರೆ ಕತ್ತಲಾದ ಮೇಲೆ ಹತ್ತುವುದು. ಗಾಜಣ್ಣನಿಗೆ ಅಪ್ಪ ಬಿಟ್ಟುಹೋಗಿದ್ದದ್ದು ಒಂದು ಹಳೆಯ ಉಗ್ರಾಣ, ಒಂದೇ ಒಂದು ಬೆಳಕಿಂಡಿಯದು. ಮೊದಲ ದಿನ ಒಳಗೆ ಕಾಲಿಟ್ಟವಳು, "ಅಯ್ಯೋ, ಇಲ್ಲೂ ನೆಲಮಾಳಿಗೆನಾ?" ಎಂದು ನಕ್ಕಿದ್ದಳು.

ಅವಳಿಗೆ ಅದು ತಮಾಷೆ. ಕೇಳಿದವನಿಗೆ ಆಗಲಿಲ್ಲ. ಮರುದಿನವೇ ಬೀದಿಗೋಡೆಯ ಒಂದು ಇಟ್ಟಿಗೆ ಎಬ್ಬಿಸಿದ. ಆಮೇಲೆ ಸಂಜೆ ಗಾಜು ಹಾಕುವ ಕೆಲಸ ಮುಗಿಸಿ ಬರುವಾಗೆಲ್ಲ ಅವನ ಕಂಕುಳಲ್ಲಿ ಒಂದು ತುಂಡು ಗಾಜು. ಗೋಡೆ ಹಿಂದೆ ಸರಿಯಿತು, ಬೆಳಕು ಮುಂದೆ ಬಂತು. ಎಂಥ ಚಿಕ್ಕ ಚೂರಾದರೂ ಅಂಚು ಉಜ್ಜದೆ ಕೂರಿಸುತ್ತಿರಲಿಲ್ಲ. ನೀರು ಹನಿಸಿ, ಕಲ್ಲಿಗೆ ತಿಕ್ಕಿ, ತನ್ನ ತುಟಿಯ ಮೇಲೆ ಎಳೆದುಕೊಂಡು ನೋಡುತ್ತಿದ್ದ.

"ಥೂ, ಕುಯ್ದುಕೊಂಡೀಯ!" ಎಂದರೆ, "ಕುಯ್ದರೆ ಇನ್ನೂ ಉಜ್ಜಬೇಕು ಅಂತ. ಮಗು ಕೈ ಇಟ್ಟರೂ ಏನೂ ಆಗಬಾರದು," ಎನ್ನುತ್ತಿದ್ದ.

ರಜದ ದಿನ ಅವಳು ಆ ಗೋಡೆಯ ಬುಡದಲ್ಲಿ ಬೆಕ್ಕಿನ ಹಾಗೆ ಬಿದ್ದುಕೊಳ್ಳುತ್ತಿದ್ದಳು. ಮಗಳು ಅಂಬೆಗಾಲಿಟ್ಟದ್ದು ಹಸಿರು ಬೆಳಕಿನಿಂದ ಜೇನುಬಣ್ಣದ ಬೆಳಕಿಗೆ.

ಒಂದು ಅಂಗಡಿಯ ಮುಂಭಾಗಕ್ಕೆ ದೊಡ್ಡ ಗಾಜು ಏರಿಸುವಾಗ ಹಗ್ಗ ಜಾರಿತು. ಕೆಳಗೆ ಜನ ಓಡಾಡುತ್ತಿದ್ದರು. ಬಿಟ್ಟು ಹಾರಿದ್ದರೆ ಬಚಾವಾಗುತ್ತಿದ್ದ, ಹಿಡಿದುಕೊಂಡ. ಬಲಗೈಯ ನರಗಳು ಕತ್ತರಿಸಿಹೋದವು. ಆಸ್ಪತ್ರೆಯಲ್ಲಿ ಹೊಲಿದರು, ಗಾಯ ಮಾಯಿತು, ಬೆರಳುಗಳು ಮಾತ್ರ ಯಜಮಾನನ ಮಾತು ಕೇಳುವುದನ್ನು ಬಿಟ್ಟುಬಿಟ್ಟವು. ಲೋಟ ಹಿಡಿದರೆ ಲೋಟ ಬೀಳುತ್ತಿತ್ತು.

ದುಡಿಯಲಾಗದವರಿಗೆ ತಿಂಗಳ ಭತ್ಯೆ ಕೊಡುತ್ತಾರೆ ಎಂದು ಬೇಕರಿಯವಳು ಹೇಳಿದಳು. ಅರ್ಜಿ ಹಾಕಿದರು. ಕಿವಿಯ ಸಂದಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ತನಿಖೆಯವನು ಬಂದ. ಮನುಷ್ಯ ಕೆಟ್ಟವನಲ್ಲ, ಚಹಾ ಕೊಟ್ಟರೆ ಬೇಡವೆನ್ನದೆ ಕುಡಿದ. ಅವನ ಪಟ್ಟಿಯಲ್ಲಿ ಫ್ರಿಜ್ಜಿದ್ದರೆ ಅಂಕ, ವಾಹನವಿದ್ದರೆ ಅಂಕ, ಗಾಜಿನ ಕಿಟಕಿಯಿದ್ದರೆ ಅಂಕ. ಅಂಕ ಏರಿದಷ್ಟೂ ಬಡತನ ಇಳಿಯುತ್ತದೆ ಎಂಬ ಲೆಕ್ಕ. ಮೂರು ಚಕ್ರದ ಗಾಡಿ ವಾಹನವಾಯಿತು. ಕಿಟಕಿ ಎಣಿಸುತ್ತಾ ಎಣಿಸುತ್ತಾ ಪಾಪ, ಅವನಿಗೇ ತಪ್ಪಿಹೋಗಿ ಮೊದಲಿಂದ ಎಣಿಸಿದ.

"ಶಾಲೇಲಿ ಅಂಕ ಕಡಿಮೆ ಬಂತು ಅಂತ ಫೇಲ್ ಮಾಡಿದ್ರು," ಎಂದ ಗಾಜಣ್ಣ, ತಿರಸ್ಕಾರದ ಉತ್ತರ ಬಂದ ದಿನ. "ಇಲ್ಲಿ ಜಾಸ್ತಿ ಬಂತು ಅಂತ ಫೇಲ್! ನನಗೂ ಪರೀಕ್ಷೆಗೂ ಆಗಿಬರಲ್ಲ ಕಣೆ."

ಅವಳು ನಗಲಿಲ್ಲ. "ಕಿತ್ತು ರಟ್ಟು ಬಡಿ," ಎಂದಳು.

"ಬಡವ ಅಂತ ತೋರಿಸ್ಕೊಳ್ಳೋಕೆ ಹಗಲು ಹೊತ್ತಲ್ಲಿ ಕತ್ತಲೇಲಿ ಕೂರಬೇಕಾ?"

"ಬೆಳಕು ಹೊಟ್ಟೆ ತುಂಬಿಸುತ್ತಾ?"



*

"ಹೆಣ ಇಟ್ಕೊಂಡು ಕಚೇರಿಗೆ ಹೋಗೋದಾ?" ಮೈದುನ ಗಾಡಿಯ ಮುಂದೆ ಕೈ ಅಗಲಿಸಿ ನಿಂತ. ಬ್ಯಾಂಕಿನ ಬಾಗಿಲು ಕಾಯುವವನು, ಸತ್ತವನ ತಮ್ಮ, ಅಡ್ಡ ನಿಲ್ಲುವುದು ಅವನಿಗೆ ಅಭ್ಯಾಸವಿತ್ತು. "ಅತ್ತಿಗೆ, ನಾಲ್ಕು ಜನ ಏನಂದಾರು? ಸತ್ತ ಮೇಲಾದ್ರೂ ನಮ್ಮಣ್ಣ ಮರ್ಯಾದೆಯಿಂದ ಹೋಗ್ಲಿ."

"ಆ ನಾಲ್ಕು ಜನ ನಾವೇ ಕಣಯ್ಯ," ಎಂದಳು ಬೇಕರಿಯವಳು, ಕೈಯ ಹಿಟ್ಟು ಕೊಡವುತ್ತಾ. "ನಾವೇನೂ ಅನ್ನಲ್ಲ."

"ಸ್ಮಶಾನಕ್ಕೆ ಹೋಗೋ ದಾರೀಲೇ ಇದೆ ಕಚೇರಿ," ಎಂದ ಬಡಗಿ. "ನಾವೇನೂ ಸುತ್ತು ಹಾಕಿ ಹೋಗ್ತಿಲ್ವಲ್ಲ."

"ಹಾಜರಿದ್ರೆ ತಾನೇ? ಸತ್ತವನು ಹಾಜರಿದಾನೆ ಅಂತ ಯಾವ ಕಾನೂನು ಒಪ್ಪುತ್ತೆ?"

"ಚಿಕ್ಕಪ್ಪ, 'ಖುದ್ದು' ಅಂತ ಇದೆ. 'ಜೀವಂತ' ಅಂತ ಎಲ್ಲೂ ಇಲ್ಲ," ಎಂದಳು ಮಗಳು.

ಎಲ್ಲರೂ ಇಸ್ತ್ರಿಯಕ್ಕನ ಕಡೆ ತಿರುಗಿದರು. ಅವಳು ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದಳು. ಎರಡನೆಯ ತಿರಸ್ಕಾರದ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು: ಅರ್ಜಿದಾರರು ಕೆಲಸ ಮಾಡಲು ಸಮರ್ಥರು. ಆಸ್ತಿಯನ್ನು ಮರೆಮಾಚಿ ಇಲಾಖೆಯನ್ನು ವಂಚಿಸಲು ಯತ್ನಿಸಿದ್ದಾರೆ. ಈ ಕುಟುಂಬದ ಮುಂದಿನ ಯಾವ ಅರ್ಜಿಯನ್ನೂ ಪರಿಗಣಿಸತಕ್ಕದ್ದಲ್ಲ. ವಜಾ ಎಂದರೆ ಆ ಮಾತೇ ಕಲ್ಲಿನ ಮೇಲೆ ಬರೆದ ಹಾಗೆ. ಗಂಡನಿಲ್ಲದವರಿಗೆ ಕೊಡುವ ಭತ್ಯೆ ಕೇಳಲು ನಾಳೆ ಅವಳು ಹೋದರೂ ಅದೇ ಕಲ್ಲನ್ನು ತೋರಿಸುತ್ತಾರೆ. ಆದರೆ ಅವಳ ಎದೆಯಲ್ಲಿ ಆಗ ಬಡಿದುಕೊಳ್ಳುತ್ತಿದ್ದದ್ದು ಆ ಭತ್ಯೆಯೂ ಅಲ್ಲ.

"ವಂಚಕ ಅನ್ನಿಸ್ಕೊಂಡು ಅವನು ಮಣ್ಣಿಗೆ ಹೋಗ್ಬಾರ್ದು," ಎಂದಳು. "ಬೈಯೋದಾದ್ರೆ ನಾನು ಬೈತೀನಿ. ಅವರ್ಯಾರು? ನಡೀರಿ!"

*

ಆ 'ಮರೆಮಾಚಿದ' ದಿನ ಓಣಿಯಲ್ಲಿ ದೊಡ್ಡ ಗದ್ದಲವೇ ಆಗಿತ್ತು. ಮತ್ತೆ ಅರ್ಜಿ ಹಾಕಿದ್ದರು, ತನಿಖೆ ಮರುದಿನವೇ ಎಂದು ಸುದ್ದಿ ಬಂತು. ಇಸ್ತ್ರಿಯಕ್ಕ ಗಂಡನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಬಡಗಿಯನ್ನು ಕರೆದಳು, ಕಿಟಕಿಗಳನ್ನು ಕೀಳಿಸಿದಳು, ನೆರೆಮನೆಗಳ ಮಂಚದಡಿ ಒಂದೊಂದು ಸೇರಿಸಿದಳು. ಗೋಡೆಗೆ ಬೇಕರಿಯ ಪೆಟ್ಟಿಗೆಗಳ ರಟ್ಟು ಬಡಿಸಿದಳು. ಗಾಡಿಯನ್ನು ಮೂರನೆಯ ಬೀದಿಗೆ ಅಟ್ಟಿದಳು. ಗಾಜಣ್ಣ ಆ ರಟ್ಟಿನ ಕತ್ತಲಲ್ಲಿ ಒಂದು ಮೂಲೆ ಹಿಡಿದು ಕೂತಿದ್ದ.

"ಬಾಯಿ ಬಿಟ್ಟೆಯೋ ನೋಡು," ಎಂದು ಬೆರಳೆತ್ತಿದ್ದಳು. "ಕೈ ಮಡಿಲಲ್ಲಿಟ್ಕೊಂಡು ಕೂತಿರು, ಅಷ್ಟೇ."

ತನಿಖೆಯವನು ಸ್ಕೂಟರಿನಲ್ಲಿ ಬಂದ. ರಟ್ಟು ನೋಡಿದ, ಕತ್ತಲು ನೋಡಿದ, ಕಿಟಕಿಗಳನ್ನೆಲ್ಲ ಮಾರಿದೆವು ಎಂಬ ಇಸ್ತ್ರಿಯಕ್ಕನ ಮಾತಿಗೆ ತಲೆಯಾಡಿಸಿ ಪೆನ್ಸಿಲು ತೆಗೆದ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಚಹಾ ಕೂಡ ಕುಡಿದ. ಹೊರಡಲು ಸ್ಕೂಟರಿನ ಹತ್ತಿರ ಹೋದಾಗ, ಬಾಗಿಲವರೆಗೆ ಬಂದಿದ್ದ ಗಾಜಣ್ಣನ ಕಣ್ಣು ಅದರ ಬದಿಯ ಕನ್ನಡಿಗೆ ಬಿತ್ತು. ಅಡ್ಡಡ್ಡ ಬಿರುಕು ಬಿಟ್ಟಿತ್ತು.

"ಸಾಹೇಬ್ರೆ, ಇದನ್ನಿಟ್ಕೊಂಡು ಓಡಾಡ್ತೀರಾ? ಹಿಂದೆ ಲಾರಿ ಬಂದ್ರೆ ಎರಡು ಲಾರಿ ಕಾಣುತ್ತೆ!"

"ಏನು ಮಾಡೋದು, ಬಿಡುವೇ ಇಲ್ಲ," ಎಂದ ತನಿಖೆಯವನು.

"ಒಂದ್ನಿಮಿಷ ಇರಿ."

ಇಸ್ತ್ರಿಯಕ್ಕ ಒಳಗಿನಿಂದ ಕಣ್ಣು ಕೆಕ್ಕರಿಸಿದಳು, ಕೆಮ್ಮಿದಳು, ತಟ್ಟೆ ಬೀಳಿಸಿದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗಾಜಣ್ಣ ಮಂಚದಡಿಯಿಂದ ಒಂದು ಕನ್ನಡಿ ತುಂಡು, ಗಾಜು ಕೊಯ್ಯುವ ವಜ್ರದ ಕಡ್ಡಿ ತೆಗೆದುಕೊಂಡು ಓಣಿಯ ಕಟ್ಟೆಯ ಮೇಲೆ ಅವಳಿಗೆ ಬೆನ್ನು ಹಾಕಿ ಕೂತುಬಿಟ್ಟ. ಒಂದು ನಿಮಿಷ ಎಂದದ್ದು ಬಹಳ ಹೊತ್ತಾಯಿತು. ಅವಳಿಗೆ ಕಂಡದ್ದು ಅವನ ಬಾಗಿದ ಬೆನ್ನು, ಬೆವರಿಗೆ ಅಂಟಿಕೊಂಡ ಅಂಗಿ. ಆಮೇಲೆ ತನಿಖೆಯವನ ಸಂತೋಷದ ದನಿ: "ಅರೆ, ಸೂಪರ್!"

ಆ ರಾತ್ರಿಯ ಜಗಳದಷ್ಟು ದೊಡ್ಡದು ಆ ಮನೆ ಮತ್ತೆ ಕಾಣಲಿಲ್ಲ. "ಕೈಯಿಲ್ಲ ಅಂತ ಅರ್ಜಿ ಹಾಕಿ, ನೋಡೋಕೆ ಬಂದವನ ಮುಂದೇನೇ ಕನ್ನಡಿ ಕೊಯ್ದು ಕೊಟ್ಟೆಯಲ್ಲ! ಆಗುತ್ತೆ ಅಂದ್ಮೇಲೆ ಕೆಲಸಕ್ಕೆ ಹೋಗೋಕೇನು ರೋಗ ನಿನಗೆ?"

ಗಾಜಣ್ಣ ಬಲಗೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡು ಮಲಗಿದ್ದ. "ಬಿರುಕು ನೋಡಿ ಸುಮ್ಮನೆ ಇರೋಕಾಗ್ಲಿಲ್ಲ ಕಣೆ," ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದ.

ಮರುದಿನ ಅವನು ಕಿಟಕಿಗಳನ್ನೆಲ್ಲ ವಾಪಸು ಹಾಕಿಸಿದ. ಅವುಗಳನ್ನು ಯಾರು ನೋಡಿ ಹೇಳಿದರೋ, ಸುದ್ದಿ ಕಚೇರಿಗೂ ಮುಟ್ಟಿತು. ಎರಡನೆಯ ತಿರಸ್ಕಾರ ಬಂತು, ಅದರ ಮೇಲೆ ಮೇಲ್ಮನವಿ ಹಾಕಿದರು.

*

ಗಾಡಿ ಓಣಿ ದಾಟಿ ದೊಡ್ಡ ಬೀದಿಗೆ ಬಂದಾಗ ಹಿಂದೆ ಓಣಿಯ ಜನ ಮಾತ್ರ ಇದ್ದರು. ಅಂಗಡಿಬೀದಿಯಲ್ಲಿ ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದ. ಕನ್ನಡಕದ ಅಂಗಡಿಯವನು ಬಂದ. ಮೀನಿನ ತೊಟ್ಟಿಗೆ ಗಾಜು ಹಾಕಿಸಿಕೊಂಡಿದ್ದ ಮುದುಕಿ ಬಂದಳು. "ಎಲ್ಲಿಗೆ?" ಎಂದು ಒಬ್ಬರು ಕೇಳಿದರೆ "ವಿಚಾರಣೆಗೆ!" ಎಂದು ಹತ್ತು ಜನ ಹೇಳುತ್ತಿದ್ದರು. ಕೇಳಿದವರೂ ಜೊತೆಗೆ ಹೆಜ್ಜೆ ಹಾಕುತ್ತಿದ್ದರು.

ಚೌಕದಲ್ಲಿ ಗಾಡಿಗಳು ಗಿಜಿಗುಟ್ಟಿ ನಿಂತಿದ್ದವು. ಬಿಸಿಲು ನೆತ್ತಿಗೇರುತ್ತಿತ್ತು. "ಇವತ್ತು ಇಲ್ಲೇ ಸಂಜೆಯಾಗುತ್ತೆ," ಎಂದು ಮೈದುನ ಗಡಿಯಾರ ನೋಡಿಕೊಂಡ. ಆಗ ಎದುರಿನ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಬಂತು.

"ಏಯ್, ನೀನೇನೇ ಅದರ ಮೇಲೆ? ಏನದು?"

"ನಮ್ಮಪ್ಪ!" ಎಂದು ಮಗಳು ಕೂಗಿದಳು. "ಕಚೇರಿಗೆ ಹೋಗ್ಬೇಕು, ಮಧ್ಯಾಹ್ನದೊಳಗೆ! ದಾರಿ ಬಿಡಿಸು!"

ಬಸ್ಸಿನ ಚಾಲಕಿ ತಲೆ ಒಳಗೆಳೆದುಕೊಂಡಳು. ಸ್ಟೀರಿಂಗು ತಿರುಗಿಸಿ ಬಸ್ಸನ್ನು ಚೌಕಕ್ಕೆ ಅಡ್ಡ ನಿಲ್ಲಿಸಿ ಹಾರ್ನು ಒತ್ತಿಹಿಡಿದಳು. ಆಚೆಯ ಬದಿಯಲ್ಲಿ ಇನ್ನೊಂದು ಬಸ್ಸು ಹಾಗೇ ಅಡ್ಡವಾಯಿತು. ನಡುವೆ ಬೀದಿ ಬಿಡಿಸಿಕೊಂಡಿತು. ಮಗಳು ಸೀಟಿನಿಂದೆದ್ದು ನಿಂತು ತುಳಿದಳು. ಬಡಗಿ ಹಿಂದಿನಿಂದ ತಳ್ಳಿದ. ಇಸ್ತ್ರಿಯಕ್ಕ ಪೆಟ್ಟಿಗೆಯ ಅಂಚು ಹಿಡಿದು ಓಡಿದಳು. ಅಷ್ಟು ಜೋರಾಗಿ ಅವಳು ಓಡಿ ಎಷ್ಟು ಕಾಲವಾಗಿತ್ತೋ! ಕಣ್ಣು ತುಂಬಿತ್ತು, ಕಾಲು ಮಾತ್ರ ಹುಡುಗಿಯ ಕಾಲಾಗಿತ್ತು.

ಕಚೇರಿಯ ಜಗುಲಿಯುದ್ದಕ್ಕೂ ಕಿಂಡಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಜಗುಲಿಯ ತುದಿಯ ಬಾಗಿಲಲ್ಲಿ ಜವಾನನೊಬ್ಬ ಕಾಗದ ಹಿಡಿದು ಒಂದು ಹೆಸರು ಕೂಗಿದ. ಯಾರೂ ಅಲುಗಲಿಲ್ಲ. ಇನ್ನೊಮ್ಮೆ ಕೂಗಿದ.

"ಯಾರೋ ಪುಣ್ಯಾತ್ಮ ತಪ್ಪಿಸ್ಕೊಂಡ," ಎಂದ ಬಡಗಿ ಏದುಸಿರು ಬಿಡುತ್ತಾ. "ನಮ್ಮದು ಇನ್ನೂ ಬಂದಿಲ್ಲ ಅನ್ಸುತ್ತೆ."

ಜವಾನ ಮೂರನೆಯ ಸಲ ಬಾಯಿ ತೆರೆದ. ಪೂರ್ತಿ ಹೆಸರು, ಅಪ್ಪನ ಹೆಸರು ಸೇರಿ. ಇಸ್ತ್ರಿಯಕ್ಕ ಬೆಚ್ಚಿಬಿದ್ದಳು. ಓಣಿಯಲ್ಲಿ ಅವನನ್ನು ಗಾಜಣ್ಣ ಬಿಟ್ಟು ಬೇರೆ ಯಾವುದರಿಂದಲೂ ಯಾರೂ ಕರೆದವರಲ್ಲ.

"ಅಯ್ಯೋ, ಇವನೇ! ಇವನೇ ಕಣ್ರೋ!"

"ಹಾಜರ್!" ಎಂದು ಮಗಳು ಕೂಗಿದಳು. "ಹಾಜರ್!" ಎಂದ ಬಡಗಿ. "ಹಾಜರ್! ಹಾಜರ್!" ಎಂದು ಬೀದಿಗೆ ಬೀದಿಯೇ ಕೂಗಿತು. ಕಿಂಡಿಯೊಳಗಿನವರು ಎದ್ದು ನಿಂತರು.

ಜವಾನ ಮೆಟ್ಟಿಲಿಳಿದು ಬಂದು ಪೆಟ್ಟಿಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಇದೇನ್ರಿ ಇದು?"

"ಖುದ್ದು ಬಂದಿದಾರೆ," ಎಂದಳು ಮಗಳು.

"ಸತ್ತುಹೋದ್ರೆ ಮೇಲ್ಮನವಿ ಮುಗಿದ ಹಾಗೆ. ಹೋಗಿ, ಹೋಗಿ."

"ನಾನಿನ್ನೂ ಹಾಗೆ ಹೇಳಿಲ್ವಲ್ಲ," ಎಂಬ ದನಿ ಅವನ ಹಿಂದಿನಿಂದ ಬಂತು. ವಿಚಾರಣೆಯ ಅಧಿಕಾರಿ, ನರೆಗೂದಲಿನ ಹೆಂಗಸು, ಪೆನ್ನು ಕೈಯಲ್ಲೇ ಹಿಡಿದು ಜಗುಲಿಗೆ ಬಂದಿದ್ದಳು. ಅವಳ ಪಕ್ಕದಲ್ಲಿ ಇಲಾಖೆಯ ಪರವಾಗಿ ಬಂದಿದ್ದ ತನಿಖೆಯವನು. ಅಧಿಕಾರಿ ಪೆಟ್ಟಿಗೆಯನ್ನು, ಅದನ್ನು ಹಿಡಿದು ನಿಂತವಳನ್ನು ನೋಡಿದಳು. "ನೀವು ಹೆಂಡತಿನಾ? ನೀವು ಮುಂದುವರಿಸಬಹುದು. ಮುಂದುವರಿಸ್ತೀರಾ?"

"ಅದಕ್ಕೇ ಓಡ್ಕೊಂಡು ಬಂದಿದ್ದು, ಮೇಡಂ."

"ಸರಿ. ಇಲ್ಲೇ ಆಗ್ಲಿ." ಅಧಿಕಾರಿ ಕಡತ ಬಿಡಿಸಿದಳು. "ಕೆಲಸ ಮಾಡೋಕೆ ಸಮರ್ಥರು ಅಂತ ವರದಿ. ತನಿಖೆಯ ದಿನ ಇವರ ಮುಂದೇನೇ ಸ್ಕೂಟರಿನ ಕನ್ನಡಿ ಕತ್ತರಿಸಿ ಕೂರಿಸಿದ್ರು ಅಂತ ಇದೆ. ನಿಜಾನಾ?"

ಸುಳ್ಳು ಹೇಳೋಣವೆಂದರೆ ಇಸ್ತ್ರಿಯಕ್ಕನ ಕೈ ಅವನ ಪೆಟ್ಟಿಗೆಯ ಮೇಲೇ ಇತ್ತು.

"ನಿಜ," ಎಂದಳು.

ಜನರ ನಡುವಿಂದ ಉಸ್ಸೆಂಬ ಉಸಿರು ಹೊರಟಿತು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಮೆಟ್ಟಿಲ ಪಕ್ಕದಲ್ಲಿ ನಿಂತ ಸ್ಕೂಟರು ಬಿತ್ತು. ಅದೇ ಸ್ಕೂಟರು. ಅದೇ ಕನ್ನಡಿ. ಆವತ್ತು ದೂರದಿಂದ ಅದರ ಹೊಳಪಷ್ಟೇ ಕಂಡಿತ್ತು. ಹತ್ತಿರ ಹೋಗಿ ನೋಡುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಈಗ ಹೋದಳು. ಬಗ್ಗಿದಳು.

ಕನ್ನಡಿಯ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಒಂದು ಕಡೆ ಗೆರೆ ಸರಿಯಾಗಿ ಹೊರಟು ಮಧ್ಯದಲ್ಲಿ ಹಾದಿ ತಪ್ಪಿತ್ತು, ಮತ್ತೆ ಎಳೆದಿತ್ತು, ಮತ್ತೆ ತಪ್ಪಿತ್ತು. ಸಂದಿಗೆ ಮಡಿಸಿದ ರಟ್ಟು ತುರುಕಿ, ಅದರ ಮೇಲೆ ಗೋಂದು ಬಳಿದಿತ್ತು. ಗೋಂದಿನಲ್ಲಿ ಹೆಬ್ಬೆರಳ ಗುರುತು, ಒಂದರ ಮೇಲೊಂದು, ನಡುಗಿದ್ದು.

ಅವಳಿಗೆ ಆ ಬಾಗಿದ ಬೆನ್ನು ಕಂಡಿತು. ಬೆವರಿಗೆ ಅಂಟಿದ ಅಂಗಿ ಕಂಡಿತು. ಕಂಬಳಿಯೊಳಗೆ ಸೇರಿಕೊಂಡ ಕೈ ಕಂಡಿತು.

"ಅಯ್ಯೋ ಮಾರಾಯ," ಎಂದಳು ಮೆಲ್ಲಗೆ. ಆಮೇಲೆ ಮೆಲ್ಲಗಿರಲಿಲ್ಲ. "ಮೇಡಂ, ಬನ್ನಿ ಇಲ್ಲಿ! ಇಳಿದು ಬನ್ನಿ! ಇದನ್ನ ನೋಡಿ! ಗಾಜಿನ ಕೆಲಸ ಬಲ್ಲವನು ಮಾಡೋ ಕೆಲಸಾನಾ ಇದು? ಅಂಚು ಉಜ್ಜದೆ ಒಂದು ಚೂರನ್ನೂ ಕೂರಿಸದವನು ನನ್ನ ಗಂಡ! ತುಟಿ ಮೇಲೆ ಎಳೆದು ನೋಡೋನು! ಮುಟ್ಟಿ ನೋಡಿ ಬೇಕಾದ್ರೆ!"

ಅಧಿಕಾರಿ ಇಳಿದು ಬಂದು ಕನ್ನಡಿಯ ಅಂಚಿನ ಮೇಲೆ ಬೆರಳು ಎಳೆದಳು. ಚಟ್ಟನೆ ಹಿಂತೆಗೆದಳು. ಬೆರಳ ತುದಿಯಲ್ಲಿ ಒಂದು ಕೆಂಪು ಹನಿ ಮೂಡಿತು.

"ಹತ್ತು ಮನೆ ನೋಡ್ಬನ್ನಿ, ನಮ್ಮ ಬೇಕರಿ ಗಾಜು ನೋಡಿ!" ಎಂದಳು ಬೇಕರಿಯವಳು. "ನನ್ನ ಮಗ ಅದಕ್ಕೆ ಕೆನ್ನೆ ಒತ್ತಿಕೊಂಡೇ ಬೆಳೆದ!"

ಅಧಿಕಾರಿ ಬೆರಳನ್ನು ಕರವಸ್ತ್ರಕ್ಕೆ ಒತ್ತಿಕೊಂಡು ತನಿಖೆಯವನ ಕಡೆ ತಿರುಗಿದಳು.

"ಹಿಂದೆ ಬರೋ ಗಾಡಿ ಕಾಣ್ತಿತ್ತು, ಮೇಡಂ. ಅಷ್ಟೇ ನೋಡಿದ್ದು," ಎಂದ ಅವನು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಒರೆಸೋವಾಗ ನನಗೂ ಕುಯ್ದಿದೆ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಕಿಟಕಿಗಳ ವಿಷಯ? ಗಾಜಿನ ಕಿಟಕಿ ಎಷ್ಟಿವೆ ಮನೇಲಿ?"

"ಇವತ್ತು ಒಂದೂ ಇಲ್ಲ. ಅವನನ್ನ ಹೊರಗೆ ತರೋಕೆ ಎಲ್ಲ ಕಿತ್ತಿದ್ದೀವಿ. ನಾಳೆ ಎಲ್ಲ ವಾಪಸ್ ಹಾಕಿಸ್ತೀನಿ, ಈಗಲೇ ಹೇಳಿಬಿಡ್ತೀನಿ. ಜನ ಎಸೆದ ಚೂರುಗಳು ಮೇಡಂ ಅವು. ಅವತ್ತು ಮುಚ್ಚಿಟ್ಟಿದ್ದು ನಾನು, ಅವನಲ್ಲ. ಅವನಿಗೆ ಮುಚ್ಚಿಡೋಕೆ ಬರ್ತಾ ಇರ್ಲಿಲ್ಲ. ಬಂದಿದ್ರೆ ಈ ಕನ್ನಡಿ ಕತೆಯೇ ಇರ್ತಿರ್ಲಿಲ್ಲ!"

ಅಧಿಕಾರಿ ಕಡತವನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಬಹಳ ಹೊತ್ತು ಬರೆದಳು. ಬರೆದು ಮುಗಿಸಿ ತಲೆಯೆತ್ತಿದಳು. "ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಅರ್ಜಿದಾರರು ಮೊದಲ ಅರ್ಜಿಯ ದಿನದಿಂದಲೂ ಅರ್ಹರಿದ್ದರು. ವಂಚನೆಯ ಮಾತನ್ನು ಕಡತದಿಂದ ತೆಗೆಯತಕ್ಕದ್ದು."

"ಏನಂದ್ರು? ಏನಂದ್ರು?" ಎಂದು ಹಿಂದಿನವರು ಮುಂದಿನವರನ್ನು ತಿವಿದರು.

ಬಡಗಿ ಒಂದು ಕ್ಷಣ ಯೋಚಿಸಿದ. "ಪಾಸ್!" ಎಂದು ಕಿರುಚಿದ.

"ಪಾಸ್! ಗಾಜಣ್ಣ ಪಾಸ್!"

ಟೋಪಿಗಳು ಹಾರಿದವು. ಮುದುಕಿ ಕ್ಷೌರದವನನ್ನು ತಬ್ಬಿಕೊಂಡಳು. ಚೌಕದಲ್ಲಿ ಅಡ್ಡ ನಿಂತಿದ್ದ ಬಸ್ಸುಗಳಿಗೆ ಅದು ಹೇಗೆ ಗೊತ್ತಾಯಿತೋ, ಹಾರ್ನುಗಳು ಒಟ್ಟಿಗೆ ಮೊಳಗಿದವು. ಮರ್ಯಾದೆಯ ಮೈದುನ ಎರಡು ಬೆರಳು ಬಾಯಲ್ಲಿಟ್ಟು ಕಿವಿ ಸೀಳುವ ಹಾಗೆ ಒಂದು ಶಿಳ್ಳೆ ಹೊಡೆದ. ಹೊಡೆದು, ತಾನೇ ಗಾಬರಿಯಾಗಿ ಅತ್ತಿಗೆಯ ಕಡೆ ನೋಡಿದ.

ಇಸ್ತ್ರಿಯಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಪೆಟ್ಟಿಗೆಯ ಮುಚ್ಚಳಕ್ಕೆ ಬಾಗಿ, ಬಾಗಿಲ ಸಂದಿಯಲ್ಲಿ ಮಾತಾಡುವವರ ಹಾಗೆ, "ಕೇಳಿಸ್ತಾ? ಪಾಸಾದೆ," ಎಂದಳು. "ಬೈದಿದ್ದೆಲ್ಲ ವಾಪಸ್ ತಗೊಂಡೆ. ಎಲ್ಲ ಅಲ್ಲ. ಆವತ್ತಿಂದು."

ಗಾಡಿ ತಿರುಗಿತು. ಜಗುಲಿಯ ಸಾಲಿನಲ್ಲಿ ನಿಂತಿದ್ದ ಊರುಗೋಲಿನ ಮುದುಕನೊಬ್ಬ ಮಗಳನ್ನು ಕೇಳಿದ: "ಯಾರಮ್ಮ ತೀರಿಕೊಂಡವರು?"

"ನಮ್ಮಪ್ಪ. ಗಾಜು ಹಾಕೋರು."

"ಭತ್ಯೆ ಸಿಕ್ತಾ?"

"ಸಿಕ್ತು."

ಮುದುಕ ಕಿಂಡಿಯ ಕಡೆ ನೋಡಿದ, ಪೆಟ್ಟಿಗೆಯ ಕಡೆ ನೋಡಿದ. "ಸ್ವಲ್ಪ ದೂರ ನಾನೂ ಬರ್ತೀನಿ," ಎಂದ. ಅವನ ಹಿಂದಿನವಳು ತನ್ನ ಹಿಂದಿನವಳ ಕಿವಿಯಲ್ಲಿ ಏನೋ ಹೇಳಿದಳು. ಸಾಲು ಕದಲಿತು.

ಬೀದಿಯ ತಿರುವಿನಲ್ಲಿ ಬೆನ್ನ ಹಿಂದೆ ಹೆಜ್ಜೆಗಳ ಸದ್ದು ಹೆಚ್ಚಾದಂತೆನಿಸಿ ಇಸ್ತ್ರಿಯಕ್ಕ ಒಮ್ಮೆ ಹಿಂತಿರುಗಿ ನೋಡಿದಳು. ಗುರುತಿಲ್ಲದ ಮುಖಗಳು, ಬಿಸಿಲಿಗೆ ಕಾದ ರಸ್ತೆಯ ಮೇಲೆ ಬರಿಗಾಲು. ಅವರಾಚೆ ಕಚೇರಿಯ ಜಗುಲಿ ಬಿಕೋ ಎನ್ನುತ್ತಿತ್ತು. ಕಿಂಡಿಯಿಂದ ಮೆಟ್ಟಿಲವರೆಗೆ, ತಮ್ಮ ಸರದಿ ತಪ್ಪದಂತೆ ಜಾಗ ಹಿಡಿದು, ಒಂದರ ಹಿಂದೊಂದು ಚಪ್ಪಲಿಗಳು ಸಾಲಾಗಿ ನಿಂತಿದ್ದವು.